ಏಳನೇ ಅಂತಸ್ತಿನ ನೆಲ

ನಾನಿರುವ ಕಟ್ಟಡಕ್ಕೆ ಹನ್ನೆರಡು ಅಂತಸ್ತು. ಎಲ್ಲಕ್ಕಿಂತ ಕೆಳಗೆ, ಕಂಬಗಳ ನಡುವೆ, ಹಳದಿ ಗೆರೆ ಎಳೆದು ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಅದರಲ್ಲಿ ಹಿಂದಿನ ಮೂಲೆಯ ಒಂದು ಚೌಕ ನನ್ನದು. ನನಗೆ ಕಾರಿಲ್ಲ. ಓಡಿಸಲು ಬರುವುದಿಲ್ಲ, ಕಲಿಯುವ ವಯಸ್ಸೂ ದಾಟಿದೆ. ಆದರೂ ಮನೆಗಳ ಕೀಲಿ ಕೊಡುವ ದಿನ ಬಿಲ್ಡರ್‌ನ ಎದುರು ಕೂತು, ಬೇರೆ ಏನು ಬೇಕಾದರೂ ಬಿಡುತ್ತೇನೆ, ಆ ಮೂಲೆ ಮಾತ್ರ ನನ್ನ ಹೆಸರಿಗೇ ಬರೆಯಬೇಕು ಎಂದು ಹಟ ಹಿಡಿದು ಬರೆಸಿಕೊಂಡೆ.

ಅಸೋಸಿಯೇಷನ್ನಿನ ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಯಾವುದೋ ಫ್ಯಾಕ್ಟರಿಯಲ್ಲಿ ಮ್ಯಾನೇಜರು. ತಿಂಗಳಿಗೊಮ್ಮೆ ಲಿಫ್ಟಿನ ಹತ್ತಿರ ನನ್ನನ್ನು ಹಿಡಿಯುತ್ತಾರೆ. “ಮೇಷ್ಟ್ರೇ, ಆ ಜಾಗ ಸುಮ್ನೆ ವೇಸ್ಟ್ ಆಗ್ತಿದೆ. ಮೂರನೇ ಫ್ಲೋರಿನವ್ರಿಗೆ ಎರಡು ಕಾರು. ಅಡ್ಜಸ್ಟ್ ಮಾಡ್ಕೊಳ್ಳಿ” ಎನ್ನುತ್ತಾರೆ. ನಾನು “ನೋಡೋಣ” ಎನ್ನುತ್ತೇನೆ. ತಾನೂ ತಿನ್ನ, ಪರರಿಗೂ ಕೊಡ ಅನ್ನುವ ಜಾತಿ ಈ ಮುದುಕ ಎಂದು ಅವರು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಲಿಫ್ಟು ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ಹೇಳಿದರೆ ಮಕ್ಕಳು ಆ ಕಡೆ ಸೈಕಲ್ ಹೊಡೆಯುವುದನ್ನು ಬಿಡುತ್ತಾರೆ. ಆ ಮೂಲೆಯಲ್ಲಿ ನಮ್ಮ ಅಡುಗೆಮನೆ ಇತ್ತು. ಅದೇ ಮೂಲೆಯಲ್ಲಿ ನನ್ನ ತಾಯಿ ಪ್ರಾಣ ಬಿಟ್ಟಳು. ಅಡುಗೆಮನೆ ಹೋಗಿ ಎರಡು ವರ್ಷವಾದ ಮೇಲೆ.

ಹೊಸೂರಿನ ಹಳೇ ಪೇಟೆಯ ಬೀದಿ ಇದು. ಅಂಗಳದಲ್ಲಿ ನಿಂತರೆ ಬೆಟ್ಟದ ಗುಡಿಯ ಗೋಪುರ ಕಾಣುತ್ತಿತ್ತು. ನಮ್ಮದು ತಾತ ಕಟ್ಟಿಸಿದ ಹೆಂಚಿನ ಮನೆ. ಎಡಕ್ಕೊಂದು ಬಲಕ್ಕೊಂದು ಅಂಥದೇ ಮನೆಗಳು. ಮೂರನ್ನೂ ಕೆಡವಿ ಒಂದೇ ದೊಡ್ಡ ಕಟ್ಟಡ ಎಬ್ಬಿಸುತ್ತೇನೆ, ಜಾಗ ಕೊಟ್ಟವರಿಗೆ ಒಂದೊಂದು ಮನೆ ಎಂದು ಬಿಲ್ಡರ್ ಬಂದಾಗ ಅಕ್ಕಪಕ್ಕದವರು ತಡಮಾಡದೆ ಒಪ್ಪಿದರು. ನಡುವೆ ನಾವು ಉಳಿದೆವು. ನಾನು ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಳೆ ಬಂದರೆ ಪಾತ್ರೆ ಇಟ್ಟು ಸೋರುವ ನೀರು ಹಿಡಿಯುವುದು ನನಗೂ ಹೆಂಡತಿಗೂ ಸಾಕಾಗಿತ್ತು. ಮೇಲೆ ಗಾಳಿ, ಬೆಳಕು, ಲಿಫ್ಟು ಎಂದು ಆಸೆ ಹುಟ್ಟಿತ್ತು. ನಿಜ ಹೇಳಬೇಕೆಂದರೆ ಆಸೆ ನನ್ನದೇ. ಅಕ್ಕಪಕ್ಕದವರ ಮೇಲೆ, ಸೋರುವ ಹೆಂಚಿನ ಮೇಲೆ ತಪ್ಪು ಹಾಕಿ ಪ್ರಯೋಜನವಿಲ್ಲ.

ಅಮ್ಮನಿಗೆ ಆಗಲೇ ಎಂಬತ್ತು ದಾಟಿತ್ತು. ಮಂಡಿ ಹಿಡಿದುಕೊಂಡು ಗೋಡೆಯ ಆಸರೆಯಲ್ಲಿ ಬಚ್ಚಲಿಗೂ ದೇವರ ಮೂಲೆಗೂ ಓಡಾಡುತ್ತಿದ್ದಳು. ವಿಷಯ ತಿಳಿಸಿದಾಗ ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

“ಏಳನೇ ಅಂತಸ್ತು ಅಂತೀಯ. ಅಲ್ಲಿ ನೆಲ ಯಾವುದ್ಲಾ?”

ನನಗೆ ಅರ್ಥವಾಯಿತು. ನಮ್ಮಲ್ಲಿ ಉಸಿರು ಹೋಗುವ ಹೊತ್ತಾಯಿತು ಅನ್ನಿಸಿದರೆ ಮಂಚದ ಮೇಲೆ ಬಿಡುವುದಿಲ್ಲ. ಚಾಪೆ ಹಾಸಿ ನೆಲಕ್ಕೆ ಇಳಿಸುತ್ತಾರೆ. ಮಂಚದ ಮೇಲೆ ಸತ್ತರೆ ಜೀವ ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಅಲ್ಲೇ ನೇತಾಡುತ್ತದಂತೆ. ತಾತನನ್ನು, ಅಪ್ಪನನ್ನು ಆ ಅಡುಗೆಮನೆಯ ಪಕ್ಕದಲ್ಲೇ ಇಳಿಸಿದ್ದು. ಅಪ್ಪನ ತಲೆ ಹಿಡಿದು ಇಳಿಸಿದವಳು ಅವಳೇ.

“ಮೇಲೆ ಎಷ್ಟಿದ್ರೇನಮ್ಮಾ, ಎಲ್ಲಾ ನಮ್ಮ ಮಣ್ಣಿನ ಮೇಲೇ ತಾನೆ ನಿಂತಿರೋದು” ಅಂದೆ.

ಅವಳು ಒಂದು ದಿನವಿಡೀ ಅದನ್ನೇ ಯೋಚಿಸಿದಳು. ಮರುದಿನ ಕಾಫಿ ಕುಡಿಯುತ್ತಾ, “ಆಗ್ಲಿ. ಕೆಳಗಿರೋದು ನಮ್ ಮಣ್ಣೇ ಆದ್ರೆ ಆಗ್ಲಿ. ಆದ್ರೆ ಬ್ಯಾರೇರ ಮನ್ಯಾಗೆ ಮಾತ್ರ ನನ್ನ ಕಳೀಬ್ಯಾಡ ಕಣ್ಲಾ. ಮನೆ ಆಗೋಗಂಟ ಜೀವ ಹಿಡ್ಕಂಡಿರ್ತೀನಿ” ಅಂದಳು. ಕೋರ್ಟು ಕಾಗದಕ್ಕಿಂತ ಗಟ್ಟಿ ಒಪ್ಪಂದ ಅದು. ಕಾಗದಕ್ಕೆ ನಾನು ಹತ್ತು ಕಡೆ ರುಜು ಹಾಕಿದೆ. ಇದಕ್ಕೆ ತಲೆ ಮಾತ್ರ ಆಡಿಸಿದೆ.

ಎರಡು ಬೀದಿ ಆಚೆ ಒಂದು ಮನೆಯ ಹಿಂಭಾಗ ಬಾಡಿಗೆಗೆ ಹಿಡಿದೆವು. ಮುಂಭಾಗದಲ್ಲಿ ಮನೆಯ ಯಜಮಾನರು, ಅವರ ಹೆಂಡತಿ. ಆತನದು ತಮಿಳು, ಆಕೆಯದು ತೆಲುಗು, ನಮ್ಮ ಹತ್ತಿರ ಇಬ್ಬರದೂ ಕನ್ನಡ. ಅಮ್ಮನಿಗೂ ಆ ಹೆಂಗಸಿಗೂ ವಾರದೊಳಗೆ ಗಂಟುಬಿತ್ತು. ಹುಣಸೆಹಣ್ಣು ಬಿಡಿಸುವುದು, ಅವರೆಕಾಳು ಹಿದುಕುವುದು, ಊರವರ ಸುದ್ದಿ ಹಿದುಕುವುದು, ಎಲ್ಲ ಜೊತೆಯಲ್ಲೇ.

ಮನೆ ಕೆಡವುವುದನ್ನು ಅಮ್ಮ ನೋಡಲಿಲ್ಲ. ಕಟ್ಟುವುದನ್ನೂ ನೋಡಲು ಬರುವುದಿಲ್ಲ ಎಂದಳು. “ಮುಗಿದ್ ಮ್ಯಾಕೆ ಕರ್ಕಂಡೋಗು. ಅರ್ಧಂಬರ್ಧ ಮನೆ ನೋಡ್ಬಾರ್ದು.” ಹಾಗಾಗಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಾನು ಕಟ್ಟಲೂ ಇಲ್ಲ, ನೋಡಿದ್ದೇ ಬಂತು. ದಿನಾ ಸಂಜೆ ನಾಲ್ಕೂವರೆಗೆ ಚಪ್ಪಲಿ ಮೆಟ್ಟಿ ಹೊರಟರೆ ತಗಡಿನ ಬೇಲಿಯ ಸಂದಿಗೆ ಕಣ್ಣಿಟ್ಟು ಅರ್ಧ ಗಂಟೆ. ಕಾವಲುಗಾರ ಕೆಲವೇ ದಿನದಲ್ಲಿ ಒಳಗೆ ಬಿಡತೊಡಗಿದ. ಸಾನಮಾವು ಕಾಡಿನ ಅಂಚಿನವನು, ನನ್ನ ವಯಸ್ಸಿನವನೇ. ರಾಗಿ ಹೊಲಕ್ಕೆ ಆನೆ ಬಂದಾಗ ತಮಟೆ ಬಡಿದು ಓಡಿಸುವುದರಲ್ಲೇ ಆಯಸ್ಸು ಹೋಯಿತೆಂದೂ, ಇಲ್ಲಿ ಸಿಮೆಂಟು ಮೂಟೆ ಕಾಯುವುದು ಅದಕ್ಕಿಂತ ಬೇಸರವೆಂದೂ ಹೇಳುತ್ತಿದ್ದ.

ಪಾಯ ತೋಡುವಾಗ ಮೊದಲ ಸುಳ್ಳು ಹೇಳಿದೆ. ಎರಡು ಆಳು ಆಳಕ್ಕೆ ತೋಡಿದರು. ನಮ್ಮ ಹಿತ್ತಲಿನ ಮಣ್ಣು, ಮೂರು ತಲೆಮಾರಿನ ಒಲೆಯ ಬೂದಿ ಬಿದ್ದು ಕಪ್ಪಾಗಿದ್ದ ಮಣ್ಣು, ಟಿಪ್ಪರುಗಳಲ್ಲಿ ತುಂಬಿ ರಾಯಕೋಟೆ ರಸ್ತೆಯ ಕಡೆ ಹೋಯಿತು. ಯಾವುದೋ ಲೇಔಟಿನ ತಗ್ಗು ಮುಚ್ಚಲಿಕ್ಕಂತೆ. ಕಂಬಗಳು ಎದ್ದ ಮೇಲೆ ಸುತ್ತ ತುಂಬಲು ಬೇರೆ ಮಣ್ಣು ತಂದು ಸುರಿದರು. ಬೂದು ಬಣ್ಣದ್ದು. ಕೈಗೆತ್ತಿಕೊಂಡು ನೋಡಿದರೆ ಬಸವನಹುಳುವಿನ ಚಿಪ್ಪಿನ ಚೂರುಗಳು. ಎಲ್ಲೋ ಕೆರೆಯ ಹೂಳು. ಅವತ್ತು ಅಮ್ಮ ಕೇಳಿದಳು:

“ತೋಡಿದ್ ಮಣ್ಣು ಎಲ್ಲಿಗಾಕವ್ರೆ?”

“ಪಕ್ಕದಲ್ಲೇ ಗುಡ್ಡೆ ಹಾಕಿದ್ದಾರಮ್ಮ. ಅದನ್ನೇ ವಾಪಸ್ ತುಂಬ್ತಾರೆ.”

ಯಾಕೆ ಹೇಳಿದೆನೋ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುವ ಬುದ್ಧಿ. ಮಣ್ಣಲ್ಲಿ ಏನಿದೆ, ಮುದುಕಿಗೆ ಏನು ತಿಳಿಯುತ್ತದೆ ಎಂಬ ಉಡಾಫೆಯೂ ಇತ್ತು.

ಕಟ್ಟಡ ಮೇಲೇಳಲು ಶುರುವಾದ ಮೇಲೆ ನಾನೊಂದು ಚಿತ್ರ ಬರೆದೆ. ಹಳೆಯ ದೊಡ್ಡ ಕ್ಯಾಲೆಂಡರಿನ ಹಿಂಭಾಗದಲ್ಲಿ ಅಳತೆ ಹಿಡಿದು, ಪಟ್ಟಿಯಿಟ್ಟು, ಹನ್ನೆರಡು ಅಂತಸ್ತನ್ನೂ ಪೆನ್ಸಿಲ್ಲಿನ ತೆಳು ಗೆರೆಯಲ್ಲಿ ಎಳೆದು ಅಮ್ಮನ ಮಂಚದ ಎದುರಿನ ಗೋಡೆಗೆ ಅಂಟಿಸಿದೆ. ಒಂದೊಂದು ಅಂತಸ್ತಿಗೆ ಕಾಂಕ್ರೀಟಿನ ಮೋಲ್ಡ್ ಬಿದ್ದಾಗಲೂ ಚಿತ್ರದಲ್ಲಿ ಆ ಅಂತಸ್ತಿಗೆ ಕಪ್ಪು ತುಂಬುತ್ತಿದ್ದೆ. ಅಮ್ಮನ ಒಂದು ಕಣ್ಣಿನ ಪೊರೆ ತೆಗೆಸಿದ್ದೆವು, ಇನ್ನೊಂದು ಹಾಗೇ ಇತ್ತು. ಗೆರೆಗಳು ಅವಳಿಗೆ ಕಾಣುತ್ತಿರಲಿಲ್ಲ. ಕಪ್ಪು ಮೇಲೇರುವುದು ಕಾಣುತ್ತಿತ್ತು.

ಮೋಲ್ಡ್ ಹಾಕುವ ದಿನ ಬೆಳಿಗ್ಗೆ ಅವಳು ಒಂದು ತೆಂಗಿನಕಾಯಿಗೆ ಅರಿಶಿನ ಕುಂಕುಮ ಹಚ್ಚಿ ನನ್ನ ಕೈಗೆ ಕೊಡುತ್ತಿದ್ದಳು. ನಾನದನ್ನು ಒಯ್ದು ಕಟ್ಟಡದ ಮುಂದೆ ಒಡೆದು, ಒಂದು ಹೋಳು ಕೆಲಸದವರಿಗೆ ಕೊಟ್ಟು, ಇನ್ನೊಂದು ಮನೆಗೆ ತರುತ್ತಿದ್ದೆ. ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗರು ಆ ಕಾಯಿಯನ್ನು ಅಲ್ಲೇ ಕಬ್ಬಿಣದ ಸರಳಿನಿಂದ ಎಬ್ಬಿ ತಿನ್ನುತ್ತಿದ್ದರು. ನಮ್ಮ ಹೋಳು ಅವತ್ತಿನ ಚಟ್ನಿಗೆ. “ಒಂದ್ ಅಂತಸ್ತು ತಿಂದಂಗಾಯ್ತು” ಎಂದು ಅಮ್ಮ ನಗುತ್ತಿದ್ದಳು. ಹೀಗೆ ಐದು ಕಾಯಿ ಒಡೆದೆ. ಐದು ಅಂತಸ್ತು ತಿಂದೆವು. ಅಷ್ಟು ದಿನ ನಾನು ಸುಖವಾಗಿದ್ದೆ ಎಂದು ಈಗ ಅನ್ನಿಸುತ್ತದೆ.

ಐದರ ಮೇಲೆ ಕೆಲಸ ನಿಂತಿತು. ಬಿಲ್ಡರ್ ಎಂದರೆ ಒಬ್ಬನಲ್ಲ, ಇಬ್ಬರು ಪಾಲುದಾರರು, ಭಾವ, ಭಾವಮೈದ. ಅವರ ಮನೆಯೊಳಗಿನ ಯಾವುದೋ ಜಗಳ ಬೀದಿಗೆ ಬಂದು, ಒಬ್ಬ ಕರೆದ ಕೆಲಸದವರನ್ನು ಇನ್ನೊಬ್ಬ ಓಡಿಸಿದ. ಒಂದು ವಾರ ಎಂದರು, ಹಬ್ಬ ಕಳೆಯಲಿ ಎಂದರು. ಸಿಮೆಂಟು ಕಲಸುವ ಯಂತ್ರದ ಬಾಯೊಳಗೆ ಗುಬ್ಬಿ ಗೂಡು ಕಟ್ಟಿತು. ಐದನೇ ಅಂತಸ್ತಿನ ಮೇಲೆ ಸರಳುಗಳು ಆಕಾಶಕ್ಕೆ ಚಾಚಿ ತುಕ್ಕು ಹಿಡಿದವು. ಕಾವಲುಗಾರ ಒಬ್ಬನೇ ಉಳಿದ.

“ಎಷ್ಟಕ್ಕೆ ಬಂತ್ಲಾ?” ಎಂದು ಅಮ್ಮ ದಿನಾ ಕೇಳುವುದು ನಿಲ್ಲಲಿಲ್ಲ. ಸಲಾಕೆ ಕಟ್ತಿದ್ದಾರೆ ಎಂದೆ. ಹಲಗೆ ಬಡೀತಿದ್ದಾರೆ ಎಂದೆ. ಅಷ್ಟರಲ್ಲಿ ಅವಳಿಗೆ ಊಟ ಸೇರದಾಯಿತು. ಕಾಲು ಊದಿತು. ಒಂದು ಮಧ್ಯಾಹ್ನ ಚಿತ್ರವನ್ನೇ ನೋಡುತ್ತಾ, “ಈ ಕಪ್ಪು ಮ್ಯಾಕೆ ಹೋಗ್ತಾನೇ ಇಲ್ವಲ್ಲಾ. ನನ್ ಕೈಲಿ ಇನ್ ಎಷ್ಟ್ ದಿವ್ಸ ಆಗ್ತೈತೋ” ಅಂದಳು. ಆ ಮುಖ ನನ್ನಿಂದ ನೋಡಲಾಗಲಿಲ್ಲ. ನಾಡಿದ್ದು ಆರನೇ ಮೋಲ್ಡು ಎಂದುಬಿಟ್ಟೆ.

ನಾಡಿದ್ದು ಬೆಳಿಗ್ಗೆ ಅವಳು ಕಾಯಿ ಕೊಟ್ಟಳು. ಕಾಯಿ ಹಿಡಿದುಕೊಂಡು ಬೀದಿಯಲ್ಲಿ ಕಳ್ಳನ ಹಾಗೆ ನಡೆದೆ. ಕಟ್ಟಡದ ಕಡೆಗೆ ಹೋಗಲು ಧೈರ್ಯ ಬರಲಿಲ್ಲ. ಮೂಲೆಯ ಗಣಪತಿ ಗುಡಿಯ ಕಲ್ಲಿಗೆ ಒಡೆದು, ಒಂದು ಹೋಳು ಪೂಜಾರಿಗೆ ಕೊಟ್ಟು, ಒಂದು ತಂದೆ. ಸಂಜೆ ಪೆನ್ಸಿಲ್ ಹಿಡಿದು ಆರನೇ ಅಂತಸ್ತಿಗೆ ಕಪ್ಪು ತುಂಬಿದೆ. ಮಕ್ಕಳಿಗೆ ಹೇಳಿಕೊಟ್ಟಷ್ಟೇ ಜಾಗ್ರತೆಯಿಂದ, ಗೆರೆ ಮೀರದ ಹಾಗೆ. ಅವತ್ತು ಅಮ್ಮ ಎರಡು ಮುದ್ದೆ ತಿಂದಳು.

ಹೆಂಡತಿ ಬಚ್ಚಲ ಹತ್ತಿರ ನನ್ನನ್ನು ನಿಲ್ಲಿಸಿದಳು. “ಏನೂಂದ್ರೆ, ಬಾಯಲ್ಲಿ ಹೇಳೋದು ಒಂದು. ಕಾಯಿ ಒಡ್ದು ಸುಳ್ಳು ಹೇಳ್ತೀರಲ್ಲ, ಒಳ್ಳೇದಾಗುತ್ತಾ?” ಅಂದಳು. ನಾನು ರೇಗಿದೆ. ಉಣ್ಣುವ ಬಾಯಿಗೆ ಮಣ್ಣು ಹಾಕಲೇನು ಎಂದು ಕೇಳಿದೆ. ಆರು ವಾರ ಕಳೆದು ಏಳನೆಯದಕ್ಕೂ ಕಾಯಿ ಒಡೆದೆ, ಏಳನೆಯದಕ್ಕೂ ಕಪ್ಪು ತುಂಬಿದೆ. ನಮ್ಮ ಮನೆಯ ಅಂತಸ್ತು ಎಂದು ಸ್ವಲ್ಪ ಗಾಢವಾಗಿಯೇ ತುಂಬಿದೆ.

ನಮ್ಮಮ್ಮನಂಥವರ ವಿಷಯದಲ್ಲಿ ನಾನು ಮರೆತದ್ದು ಒಂದೇ. ಅವರು ಸುದ್ದಿಯನ್ನು ಕೇಳಿ ಇಟ್ಟುಕೊಳ್ಳುವವರಲ್ಲ, ಅದರ ಮೇಲೆ ಮಾತು ಕೊಡುವವರು.

ಮನೆಯ ಯಜಮಾನರ ಒಬ್ಬಳೇ ಮಗಳು ಬಸುರಿಯಾಗಿದ್ದಳು. ಚೊಚ್ಚಲು; ಬಾಣಂತನ ತವರಿನಲ್ಲೇ. ಮುಂಭಾಗದಲ್ಲಿರುವುದು ಒಂದೇ ಕೋಣೆ, ಒಂದು ಹಜಾರ. ಹಿಂಭಾಗ ಖಾಲಿಯಿದ್ದಿದ್ದರೆ ಬಾಣಂತಿಗೆ ಬೆಚ್ಚಗಿನ ಜಾಗವಾಗುತ್ತಿತ್ತು ಎಂದು ಆ ಹೆಂಗಸು ಹುಣಸೆಹಣ್ಣು ಬಿಡಿಸುತ್ತಾ ಯಾವತ್ತೋ ಅಂದಿರಬೇಕು. ಅಮ್ಮ ಗೋಡೆಯ ಮೇಲಿನ ಚಿತ್ರ ತೋರಿಸಿದ್ದಾಳೆ. “ನೋಡಮ್ಮಿ, ನಮ್ದು ಏಳೂ ಆಗೋಯ್ತು. ನಿನ್ ಮಗ್ಳು ಬರೋದ್ರೊಳಗೆ ನಾವು ಬಿಟ್ಟು ಹೋಗ್ತೀವಿ. ಇದು ನನ್ ಮಾತು” ಎಂದಿದ್ದಾಳೆ. ನನಗೆ ಹೇಳಲಿಲ್ಲ. ಹೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಮನೆಯ ಹಿರಿಯಳು ಕೊಟ್ಟ ಮಾತು.

ನನಗೆ ಗೊತ್ತಾದದ್ದು ಯಜಮಾನರು ತೊಟ್ಟಿಲು ಹೊತ್ತುಕೊಂಡು ಬಂದ ದಿನ. “ಮೇಷ್ಟ್ರೇ, ಗೃಹಪ್ರವೇಶ ಯಾವ ದಿವ್ಸ ಇಟ್ಕೊಂಡಿದೀರಾ? ಅಜ್ಜಿ ಹೇಳಿದ್ರು. ನಾವು ಸುಣ್ಣ ಹೊಡೆಸ್ಬೇಕು, ಅದಕ್ಕೇ ಕೇಳ್ದೆ” ಅಂದರು. ಒಳಗೆ ಹೋಗಿ ಅಮ್ಮನ ಮೇಲೆ ಕೂಗಾಡಿದೆ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಎಂದೆ. ಅವಳು ಬೆರಗಾಗಿ ನನ್ನನ್ನು ನೋಡಿದಳು. “ಯಾಕ್ಲಾ ರೇಗ್ತೀಯ? ಆಗಿರೋದನ್ನೇ ತಾನೆ ನಾನ್ ಯೋಳಿದ್ದು?” ಅಂದಳು. ಅವತ್ತೇ ನಿಜ ಹೇಳಬಹುದಿತ್ತು. ಯಜಮಾನರಿಗಾದರೂ ಹೇಳಬಹುದಿತ್ತು. ಮಳೆಗಾಲ ಕಳೆಯಲಿ, ಒಳಗಿನ ಕೆಲಸ ಬಾಕಿ ಇದೆ ಎಂದು ತೇಲಿಸಿದೆ. ಬೇರೆ ಬಾಡಿಗೆ ಮನೆ ಹುಡುಕಿದೆ. ಹಾಸಿಗೆ ಹಿಡಿದ ಮುದುಕಿ ಇದ್ದಾಳೆ ಎಂದ ಕೂಡಲೇ ಎಲ್ಲರ ಮನೆಯೂ ಆಗಲೇ ಬೇರೆಯವರಿಗೆ ಕೊಟ್ಟಾಗಿಬಿಟ್ಟಿರುತ್ತಿತ್ತು.

ಮಗಳು ಬಂದಳು. ನಾವು ಇನ್ನೂ ಹಿಂಭಾಗದಲ್ಲೇ ಇದ್ದೆವು. ಹುಡುಗಿಯನ್ನು ಹಜಾರದಲ್ಲಿ ಸೀರೆಯ ಮರೆ ಕಟ್ಟಿ ಮಲಗಿಸಿದರು. ಗಂಡು ಮಗು ಹುಟ್ಟಿತು. ಅಮ್ಮ ಆ ಹೊತ್ತಿಗೆ ಎದ್ದು ಕೂರುವುದನ್ನೂ ಬಿಟ್ಟಿದ್ದಳು. ಮಗುವಿನ ಅಳು ಕೇಳಿದಾಗಲೆಲ್ಲ, “ನಾವ್ ಇನ್ನೂ ಯಾಕ್ಲಾ ಇಲ್ಲೇ ಇದೀವಿ?” ಎನ್ನುತ್ತಿದ್ದಳು. ಆ ಹೆಂಗಸು ನಮ್ಮ ಕಡೆ ಬರುವುದು ಕಡಿಮೆಯಾಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಗೆ ಸೇರಿಸಿದೆವು. ನಾಲ್ಕು ದಿನವಾದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು, ಶ್ವಾಸಕೋಶದಲ್ಲಿ ನೀರು ತುಂಬಿದೆ, ಈ ವಯಸ್ಸಿಗೆ ಇನ್ನು ಸೂಜಿ ಚುಚ್ಚಿ ಹಿಂಸೆ ಕೊಡುವುದು ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಎನ್ನುವ ಮಾತು ಎಷ್ಟು ಸುಲಭವಾಗಿ ಅವರ ಬಾಯಿಂದ ಬಂತು.

ಬಾಡಿಗೆ ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಯಜಮಾನರು ಬಾಗಿಲ ಹೊರಗೆ ನಿಂತು ಕೈಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

“ಮೇಷ್ಟ್ರೇ, ನಾನು ಕೇಳಬಾರ್ದು. ಆದ್ರೂ ಕೇಳ್ತಿದೀನಿ. ಮಗು ಹುಟ್ಟಿ ಒಂಬತ್ತು ದಿವ್ಸ ಆಗಿಲ್ಲ. ಇಲ್ಲಿ ಏನಾದ್ರೂ ಆಗ್ಬಿಟ್ರೆ, ನಕ್ಷತ್ರ ಕೆಟ್ಟದಾದ್ರೆ, ಆರು ತಿಂಗ್ಳು ಮನೆ ಬಾಗಿಲು ಹಾಕ್ಬೇಕು. ಹಸೀ ಬಾಣಂತಿನ ಎತ್ಕೊಂಡು ಎಲ್ಲಿಗೆ ಹೋಗ್ಲಿ? ಅಜ್ಜಿ ಮಾತು ಕೊಟ್ಟಿದ್ರು ಅಂತ ತಾನೆ ಮಗಳನ್ನ ಕರ್ಕೊಂಡು ಬಂದಿದ್ದು?”

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ರಾಯಕೋಟೆಯಲ್ಲಿರುವ ನನ್ನ ತಂಗಿ ತನ್ನ ಮನೆಗೆ ಕರೆತಾ ಎಂದು ಫೋನಿನಲ್ಲಿ ಅತ್ತಳು. ಅಮ್ಮನ ಕಿವಿಗೆ ಅದು ಬಿದ್ದು, ಕೈ ಆಡಿಸಿ ಬೇಡವೆಂದಳು. ಹೆಣ್ಣು ಕೊಟ್ಟ ಮನೆಯಲ್ಲಿ ಹೆಣವಾಗುವುದು ಅವಳಿಗೆ ಇನ್ನೂ ಕಷ್ಟ. “ನಮ್ ಮನ್ಗೆ ಹೋಗುಮಾ” ಅಂದಳು. ಗೋಡೆಯ ಕಡೆ, ಏಳು ಅಂತಸ್ತಿನ ಕಪ್ಪಿನ ಕಡೆ ಬೆರಳು ತೋರಿಸಿದಳು.

“ಹೋಗೋಣಮ್ಮ” ಅಂದೆ.

ಬೆಳಿಗ್ಗೆ ಹತ್ತೂವರೆ ಇರಬಹುದು. ಲಗೇಜ್ ಆಟೋ ಒಂದಕ್ಕೆ ಹಾಸಿಗೆ ಹಾಸಿ ಅವಳನ್ನು ಮಲಗಿಸಿದೆವು. ಹೆಂಡತಿ ತಲೆಯ ಹತ್ತಿರ, ನಾನು ಕಾಲಿನ ಹತ್ತಿರ. ಆ ಹೆಂಗಸು ಹೊರಗೆ ಬಂದು ಅಮ್ಮನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಮ್ಮ ನಕ್ಕಳು. “ತಡ ಆಗೋಯ್ತು ಕಣಮ್ಮಿ. ಆದ್ರೂ ಮಾತ್ನಂಗೆ ಬಿಟ್ಕೊಟ್ನಲ್ಲ” ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮಗೆ ಬುದ್ಧಿ ಹೇಳುತ್ತಿದ್ದವಳು ಅವಳು. ನಾನು ಆಟೋದ ಕಂಬಿ ಹಿಡಿದು ತಲೆ ತಗ್ಗಿಸಿದ್ದೆ.

ಕಾವಲುಗಾರ ತಗಡಿನ ಗೇಟಿನ ಹತ್ತಿರ ನಮ್ಮನ್ನು ನೋಡಿದವನೇ ಅರ್ಥಮಾಡಿಕೊಂಡ. “ಯಾರ್ನೂ ಬಿಡ್ಬ್ಯಾಡ ಅಂದವ್ರೆ ಸಾರ್. ಇಲ್ಲಿ ಹಿಂಗಾಯ್ತು ಅಂತ ಗೊತ್ತಾದ್ರೆ ಮನೆ ತಗಳ್ಳೋರು ಬರಾಕಿಲ್ಲ ಅಂತಾರೆ” ಎಂದು ಬಾಯಲ್ಲಿ ಹೇಳುತ್ತಲೇ ಕೈಯಲ್ಲಿ ಗೇಟು ತೆಗೆದ. ತನ್ನ ಚಾಪೆಯನ್ನೇ ತಂದು ಕೊಡವಿದ. ಕಂಬಗಳ ನಡುವೆ, ಹಿಂದಿನ ಮೂಲೆಯಲ್ಲಿ, ಅಡುಗೆಮನೆ ಇದ್ದ ಕಡೆಯೇ ಹಾಸಿದೆವು. ಅಲ್ಲಿ ಇನ್ನೂ ಸಿಮೆಂಟು ಬಿದ್ದಿರಲಿಲ್ಲ. ಮೂವರೂ ಸೇರಿ ಅಮ್ಮನನ್ನು ಇಳಿಸಿದೆವು. ತಲೆಯನ್ನು ನಾನು ಹಿಡಿದಿದ್ದೆ.

ಅಮ್ಮ ಕಣ್ಣು ಬಿಟ್ಟು ಮೇಲೆ ನೋಡಿದಳು. ಮೊದಲನೇ ಅಂತಸ್ತಿನ ಅಡಿಭಾಗ ಬೂದುಬೂದಾಗಿ ಕಾಣುತ್ತಿತ್ತು.

“ಏಳಕ್ಕೆ ಹತ್ತಿದ್ದೇ ಗೊತ್ತಾಗ್ಲಿಲ್ವಲ್ಲಾ.”

“ಲಿಫ್ಟಮ್ಮ” ಅಂದೆ. ನನಗೆ ನಾಚಿಕೆ ಅನ್ನುವುದು ಅಷ್ಟು ಹೊತ್ತಿಗೆ ಸತ್ತೇ ಹೋಗಿತ್ತು.

“ಗಾಳಿ ಚೆನ್ನಾಗೈತೆ” ಅಂದಳು. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಕಂಬದ ಆಚೆ ಹೋದಳು. ಸ್ವಲ್ಪ ಹೊತ್ತು ಅಮ್ಮ ನಿದ್ದೆ ಹೋದ ಹಾಗೆ ಇದ್ದಳು. ನಾನು ತುಳಸಿ ನೀರು ಬಾಯಿಗೆ ಬಿಡುತ್ತಾ ಕೂತಿದ್ದೆ. ಆಗ ಅವಳ ಬಲಗೈ ಚಾಪೆಯಿಂದ ಆಚೆ ಜಾರಿತು. ಬೆರಳುಗಳು ಮೆಲ್ಲಗೆ ಕೆದಕಿದವು. ನಿಂತವು. ಮತ್ತೆ ಕೆದಕಿದವು.

“ಮಣ್ಣು” ಅಂದಳು.

ನಾನು ತುಳಸಿ ನೀರಿನ ಲೋಟ ಕೆಳಗಿಟ್ಟೆ.

“ಏಳರ ಮ್ಯಾಲೆ ಮಣ್ಣೆಲ್ಲೀದ್ಲಾ?”

ಅವಳ ಕಣ್ಣುಗಳು ನನ್ನ ಮುಖವನ್ನು ಹುಡುಕಿದವು. ಎಷ್ಟು ಕಂಡಿತೋ ಗೊತ್ತಿಲ್ಲ.

“ಎಷ್ಟಾಗೈತೆ? ನಿಜ ಯೋಳು.”

“ಐದು ಅಮ್ಮ.”

“ಕಾಯಿ?”

“ಗಣಪತಿ ಗುಡಿ ಹತ್ರ ಒಡ್ದೆ.”

ಉಸಿರಿಗೆ ಒದ್ದಾಡುತ್ತಿದ್ದಳು. ಒಂದೊಂದು ಮಾತಿಗೂ ನಿಲ್ಲಬೇಕಾಗಿತ್ತು. ಚಿತ್ರದ ಬಗ್ಗೆ ಕೇಳಲಿಲ್ಲ. ಮನೆ ಯಾವಾಗ ಆಗುತ್ತದೆ ಎಂದೂ ಕೇಳಲಿಲ್ಲ.

“ಆ ಹೆಣ್ಮಗ್ಳಿಗೆ ಮಾತ್ ಕೊಟ್ಬುಟ್ನಲ್ಲೋ. ಬಸ್ರಿ ಹುಡ್ಗಿನ ಕರ್ಕಂಡ್ ಬಂದ್ಬುಟ್ರಲ್ಲೋ ನನ್ ಮಾತ್ ನಂಬ್ಕಂಡು.” ಮತ್ತೆ ನಿಂತು, ಉಸಿರು ಎಳೆದುಕೊಂಡು, “ನನ್ ಬಾಯಲ್ಲಿ ಸುಳ್ಳಾಡಿಸ್ಬುಟ್ಟೆ ಕಣ್ಲಾ. ಹೋಗೋ ಹೊತ್ನಾಗೆ” ಅಂದಳು.

ನಾನು ಅವಳ ಪಾದಕ್ಕೆ ತಲೆ ಇಟ್ಟು ಅತ್ತೆ. ತಪ್ಪಾಯಿತು ಎಂದೆ, ನೀನು ಉಣ್ಣಲಿ ಅಂತ ಹೇಳಿದೆ ಎಂದೆ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಎಳೆದುಕೊಳ್ಳುವಷ್ಟು ಶಕ್ತಿ ಆ ಊದಿದ ಕಾಲಿನಲ್ಲಿ ಎಲ್ಲಿತ್ತೋ. ಅರವತ್ತು ದಾಟಿದವನು ನಾನು, ನನ್ನ ತಾಯಿ ನನ್ನಿಂದ ಕಾಲು ಎಳೆದುಕೊಂಡದ್ದು ಅದೇ ಮೊದಲು.

ಮಧ್ಯಾಹ್ನದ ಬಿಸಿಲು ಕಂಬಗಳ ನಡುವೆ ಪಟ್ಟೆಪಟ್ಟೆಯಾಗಿ ಬಿದ್ದಿತು. ಬೀದಿಯಲ್ಲಿ ಶಾಲೆಯ ವ್ಯಾನುಗಳು ಓಡಾಡಿದವು. ಕಾವಲುಗಾರ ಗೇಟಿಗೆ ಬೆನ್ನು ಕೊಟ್ಟು, ಯಾರೂ ಒಳಗೆ ಇಣುಕದ ಹಾಗೆ ನಿಂತಿದ್ದ. ಅಮ್ಮನ ಕಣ್ಣು ಮುಚ್ಚಿತ್ತು. ಮುಗಿಯಿತೇನೋ ಎಂದು ಹೆಂಡತಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. ಆಗ ತುಟಿ ಅಲುಗಿತು. ನಾನು ಕಿವಿ ಬಗ್ಗಿಸಿದೆ.

“ಈ ಮಣ್ಣಾದ್ರೂ ನಮ್ದೇನ್ಲಾ?”

ಅವಳ ಅಂಗೈಯಲ್ಲಿ ಒಂದು ಹಿಡಿಯಷ್ಟು ಮಣ್ಣಿತ್ತು. ಬೂದು ಬಣ್ಣದ್ದು. ಹೆಬ್ಬೆರಳಿಗೆ ಚಿಪ್ಪಿನ ಒಂದು ಬಿಳಿ ಚೂರು ಅಂಟಿಕೊಂಡಿತ್ತು. ನಮ್ಮ ಮಣ್ಣು ರಾಯಕೋಟೆ ರಸ್ತೆಯಲ್ಲಿ ಯಾರದೋ ಸೈಟಿನ ಕೆಳಗೆ ಹೋಗಿ ಸೇರಿ ಎರಡು ವರ್ಷವಾಗಿತ್ತು. ಅದನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಟಿಪ್ಪರುಗಳನ್ನು ಎಣಿಸುತ್ತಾ ಬೇಲಿಯ ಸಂದಿಯಲ್ಲಿ ನಿಂತಿದ್ದವನು.

“ನಮ್ದೇ ಅಮ್ಮ” ಅಂದೆ.

ಅವಳು ಬೆರಳು ಮಡಿಚಿಕೊಂಡಳು. ಮೂರು ಗಂಟೆಗೆ ಸ್ವಲ್ಪ ಮೊದಲು ಪ್ರಾಣ ಹೋಯಿತು. ಅಲ್ಲಿಂದಲೇ ನೇರ ಸುಡುಗಾಡಿಗೆ ಒಯ್ದೆವು. ಮುಷ್ಟಿ ಬಿಡಿಸಬೇಕಾ ಎಂದು ಹೆಂಡತಿ ಕೇಳಿದಳು. ಬೇಡ ಎಂದೆ.

ಭಾವ, ಭಾವಮೈದ ಆಮೇಲೆ ರಾಜಿಯಾದರು. ಆರೂ ಬಂತು, ಏಳೂ ಬಂತು, ಹನ್ನೆರಡೂ ಬಂತು. ನಾನು ನೋಡಲು ಹೋಗಲಿಲ್ಲ. ಚಿತ್ರದಲ್ಲಿ ಸುಳ್ಳಿಗೆ ತುಂಬಿದ್ದ ಎರಡು ಅಂತಸ್ತನ್ನು ರಬ್ಬರಿನಿಂದ ಅಳಿಸಿದೆ. ಪೂರ್ತಿ ಹೋಗಲಿಲ್ಲ, ನುಣುಪು ಕಾಗದ. ಸುರುಳಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಬಾಡಿಗೆ ಮನೆಯ ಆ ಹೆಂಗಸು ಮೊಮ್ಮಗನನ್ನು ಎತ್ತಿಕೊಂಡು ನಮ್ಮ ಗೃಹಪ್ರವೇಶಕ್ಕೆ ಬಂದಿದ್ದಳು. ಅವಳಿಗೆ ನಾನು ಎಲ್ಲವನ್ನೂ ಹೇಳಿದೆ, ತಪ್ಪು ಅಮ್ಮನದಲ್ಲ, ನನ್ನದು ಎಂದೆ. “ಪೋನೀ ಬಿಡಿ ಮೇಷ್ಟ್ರೇ” ಎಂದು ಅವಳು ಮಗುವಿನ ಟೋಪಿ ಸರಿಮಾಡಿದಳು.

ಕೆಳಗಿನ ಆ ಮೂಲೆಗೆ ಈಗ ಸಿಮೆಂಟಿನ ಬಿಲ್ಲೆ ಹಾಸಿದ್ದಾರೆ. ಸಂಜೆ ನಾಲ್ಕೂವರೆಗೆ ಇಳಿದು ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬಿಲ್ಲೆಗಳ ಸಂದಿಯಲ್ಲಿ ಮಳೆಗೆ ಬೂದು ಮಣ್ಣು ಮೇಲೆ ಬಂದಿರುತ್ತದೆ. ಅದು ಯಾವ ಊರಿನ ಕೆರೆಯದೋ ನನಗೆ ಇವತ್ತಿಗೂ ಗೊತ್ತಿಲ್ಲ.